ದಿನಸಿ ಮಳಿಗೆಯ ಗಾಜಿನ ಕಪಾಟಿನಲ್ಲಿ ಕೋವಿ: ಅಮೆರಿಕದ ದೊಡ್ಡ ಅಂಗಡಿಗಳು ಮಾರಾಟ ತಗ್ಗಿಸಿದ್ದೇಕೆ?

ಪ್ರಶ್ನೆ: ನಾನು ವಿರಾಜಪೇಟೆ ತಾಲ್ಲೂಕಿನ ಕಾಫಿ ಬೆಳೆಗಾರ. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಜೋಡುನಳಿಗೆ ಕೋವಿಯಿದೆ. ಕೈಲ್‌ಪೊಳ್ದ್ ಹಬ್ಬದಂದು ಅದನ್ನು ಒರೆಸಿ, ಹೂವಿಟ್ಟು ಪೂಜಿಸುತ್ತೇವೆ. ಅಮೆರಿಕದ ಅರ್ಕಾನ್ಸಾ ರಾಜ್ಯದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಹಾಲು, ಮೊಟ್ಟೆ, ಮಕ್ಕಳ ಬಟ್ಟೆ ಮಾರುವ ವಾಲ್‌ಮಾರ್ಟ್ ಮಳಿಗೆಯಲ್ಲೇ ಗಾಜಿನ ಕಪಾಟಿನೊಳಗೆ ಕೋವಿಗಳನ್ನು ಕಂಡು ಬೆರಗಾದೆ. ಕಪಾಟು ಅರ್ಧ ಖಾಲಿಯಿತ್ತು. ದೊಡ್ಡ ಅಂಗಡಿಗಳೆಲ್ಲ ಕೋವಿ ಮಾರಾಟವನ್ನು ಕಡಿಮೆ ಮಾಡಿವೆ ಎಂದು ಅಳಿಯ ಹೇಳಿದರು. ಇದು ಮನಸ್ಸಾಕ್ಷಿಯ ತೀರ್ಮಾನವೋ ವ್ಯಾಪಾರದ ಲೆಕ್ಕಾಚಾರವೋ? ಇದರಿಂದ ಏನಾದರೂ ಪ್ರಯೋಜನವಾಯಿತೇ? ಹತ್ತೊಂಬತ್ತು ವರ್ಷದ ಮೊಮ್ಮಗ ಗೆಳೆಯರೊಂದಿಗೆ ಬೇಟೆಗೆ ಹೋಗಲೆಂದು ತೋಟಾ ಕೇಳಿದರೆ ಅಂಗಡಿಯವರು ಕೊಡಲಿಲ್ಲವಂತೆ. ಕಾನೂನಿನಲ್ಲಿ ಹದಿನೆಂಟಕ್ಕೇ ಅವಕಾಶವಿದೆ ಎಂಬುದು ಅವನ ವಾದ. ಯಾರು ಸರಿ?
— ಓದುಗರೊಬ್ಬರು, ಕೊಡಗು

ಉತ್ತರ: ಮನಸ್ಸಾಕ್ಷಿಯೋ ಲೆಕ್ಕಾಚಾರವೋ ಎಂಬ ನಿಮ್ಮ ಮೊದಲ ಪ್ರಶ್ನೆಗೆ ಚಿಕ್ಕದಾಗಿ ಉತ್ತರಿಸುವುದಾದರೆ, ಬಹುತೇಕ ಅಂಗಡಿಗಳಲ್ಲಿ ಲೆಕ್ಕ ಮೊದಲೇ ಸಿದ್ಧವಾಗಿತ್ತು, ಮನಸ್ಸಾಕ್ಷಿ ಅದಕ್ಕೆ ದಿನಾಂಕ ಗೊತ್ತುಮಾಡಿತು ಎನ್ನಬಹುದು. ಈ ಮಾತಿಗೆ ಒಂದು ದೊಡ್ಡ ಅಪವಾದವಿದ್ದು, ಅದನ್ನು ಮುಂದೆ ವಿವರಿಸುತ್ತೇನೆ. ಅದಕ್ಕೂ ಮೊದಲು ನಿಮ್ಮ ಅಳಿಯನವರ ಮಾತಿಗೆ ಸಣ್ಣದೊಂದು ತಿದ್ದುಪಡಿ ಬೇಕು. ದೊಡ್ಡ ಅಂಗಡಿಗಳೆಲ್ಲ ಹಿಂದೆ ಸರಿದಿಲ್ಲ, ಸರಿದವೂ ಪೂರ್ತಿಯಾಗಿ ಸರಿದಿಲ್ಲ. ವಾಲ್‌ಮಾರ್ಟ್ ಬಿಟ್ಟದ್ದು ಪಿಸ್ತೂಲು, ಸೇನಾ ಮಾದರಿಯ ರೈಫಲ್ ಮತ್ತು ಅವೆರಡಕ್ಕೆ ಬೇಕಾದ ಗುಂಡುಗಳನ್ನು. ಜಿಂಕೆ ಬೇಟೆಯ ರೈಫಲ್, ಹಕ್ಕಿ ಹೊಡೆಯುವ ಶಾಟ್‌ಗನ್, ಅವುಗಳ ತೋಟಾ ಇವು ಅಲ್ಲಿ ಉಳಿದುಕೊಂಡವು. ನೀವು ಕಂಡ ಕಪಾಟು ಅರ್ಧ ಖಾಲಿಯಿದ್ದುದಕ್ಕೆ ಋತುವೂ ಕಾರಣವಿದ್ದೀತು, ಏಕೆಂದರೆ ಆ ಅಂಗಡಿಗಳು ಕೋವಿಯ ದಾಸ್ತಾನನ್ನು ತುಂಬಿಸುವುದು ಶರತ್ಕಾಲದ ಬೇಟೆಯ ಹಂಗಾಮಿಗೆ.

ಹಾಲಿನ ಪಕ್ಕದಲ್ಲಿ ಕೋವಿ ಬಂದದ್ದು ಹೇಗೆಂಬ ನಿಮ್ಮ ಬೆರಗು ನ್ಯಾಯವಾದದ್ದೇ, ಆದರೆ ಆ ನೆಲದ ಇತಿಹಾಸದಲ್ಲಿ ಅದು ವಿಚಿತ್ರವಾದುದೇನಲ್ಲ. ರೈತರು ದೂರದೂರ ಚದುರಿಕೊಂಡು ಬಾಳುತ್ತಿದ್ದ ಆ ದೇಶದಲ್ಲಿ ನೇಗಿಲು, ಸೀಮೆಎಣ್ಣೆ, ಉಪ್ಪು, ಕೋವಿ ಎಲ್ಲವೂ ಒಂದೇ ಅಂಗಡಿಯಲ್ಲಿ ಸಿಗುತ್ತಿದ್ದವು. ಸಿಯರ್ಸ್ ಕಂಪನಿಯ ದಪ್ಪ ಕ್ಯಾಟಲಾಗಿನಲ್ಲಿ ಹೊಲಿಗೆ ಯಂತ್ರದಂತೆಯೇ ಕೋವಿಯೂ ಅಂಚೆಯಲ್ಲಿ ತರಿಸಿಕೊಳ್ಳುವ ಸರಕಾಗಿತ್ತು. ಅಧ್ಯಕ್ಷ ಕೆನಡಿಯವರನ್ನು 1963ರಲ್ಲಿ ಕೊಂದ ರೈಫಲ್ ಕೂಡ ಹಾಗೆಯೇ, ಷಿಕಾಗೋದ ಕ್ರೀಡಾ ಸಾಮಗ್ರಿಗಳ ಅಂಗಡಿಯೊಂದರಿಂದ, ಪತ್ರಿಕೆಯ ಜಾಹೀರಾತಿನ ಚೀಟಿ ಕತ್ತರಿಸಿ ಕಳುಹಿಸಿ, ಸುಳ್ಳು ಹೆಸರಿನಲ್ಲಿ, 19 ಡಾಲರ್ 95 ಸೆಂಟಿಗೆ ತರಿಸಿಕೊಂಡದ್ದಾಗಿತ್ತು. ಅದಾದ ಐದು ವರ್ಷಕ್ಕೆ, 1968ರ ಕೋವಿ ನಿಯಂತ್ರಣ ಕಾಯ್ದೆ ಅಂಚೆ ಮಾರಾಟವನ್ನು ನಿಲ್ಲಿಸಿ, ಕೋವಿ ಮಾರುವವರು ಕೇಂದ್ರ ಸರ್ಕಾರದ ಪರವಾನಗಿ ಪಡೆಯಬೇಕೆಂಬ ನಿಯಮವನ್ನು ಬಿಗಿಗೊಳಿಸಿತು. ಪರವಾನಗಿ ಪಡೆದ ಅಂಗಡಿ ಉದ್ದ ನಳಿಗೆಯ ಕೋವಿಯನ್ನು 18 ತುಂಬಿದವರಿಗೂ, ಪಿಸ್ತೂಲನ್ನು 21 ತುಂಬಿದವರಿಗೂ ಮಾರಬಹುದೆಂದು ಅದೇ ಕಾಯ್ದೆ ಹೇಳಿತು. ನಿಮ್ಮ ಮೊಮ್ಮಗ ಹೇಳುತ್ತಿರುವ ಹದಿನೆಂಟರ ಲೆಕ್ಕ ಅಲ್ಲಿಯದು.

ವಾಲ್‌ಮಾರ್ಟ್‌ನ ಮೊದಲ ಮಳಿಗೆ 1962ರಲ್ಲಿ ತೆರೆದದ್ದು ನಿಮ್ಮ ಮಗಳು ಇರುವ ಅರ್ಕಾನ್ಸಾದಲ್ಲೇ, ರಾಜರ್ಸ್ ಎಂಬ ಸಣ್ಣ ಊರಿನಲ್ಲಿ. ಅದರ ಸ್ಥಾಪಕ ಸ್ಯಾಮ್ ವಾಲ್ಟನ್ ಅವರಿಗೆ ಲಾವಕ್ಕಿ ಬೇಟೆಯ ಹುಚ್ಚು ಎಷ್ಟಿತ್ತೆಂದರೆ, ತಮ್ಮ ಬೇಟೆನಾಯಿ ರಾಯ್‌ನ ಹೆಸರನ್ನೇ ಅವರ ಕಂಪನಿ ನಾಯಿ ಆಹಾರದ ಬ್ರ್ಯಾಂಡಿಗೆ ಇಟ್ಟಿತು. ಹಳ್ಳಿಗಳನ್ನೂ ಸಣ್ಣ ಪಟ್ಟಣಗಳನ್ನೂ ನಂಬಿ ಬೆಳೆದ ಈ ಅಂಗಡಿಗೆ ಕೋವಿಯ ಕಪಾಟು ಎಂದರೆ ಗಿರಾಕಿಗಳ ಬದುಕಿನ ಒಂದು ಭಾಗ. ಬೇಟೆಗೆ ಹೊರಟವನು ಕೋವಿಯೊಂದನ್ನೇ ಕೊಳ್ಳುವುದಿಲ್ಲ. ಬೂಟು, ದಪ್ಪ ಕೋಟು, ಟಾರ್ಚು, ಐಸ್ ಪೆಟ್ಟಿಗೆ, ತಿಂಡಿ ಎಲ್ಲವನ್ನೂ ಅಲ್ಲೇ ಕೊಳ್ಳುತ್ತಾನೆ. ಕೋವಿ ಹತ್ತು ವರ್ಷಕ್ಕೊಮ್ಮೆ ಮಾರಾಟವಾಗುವ ವಸ್ತು, ತೋಟಾ ಮಾತ್ರ ವರ್ಷವರ್ಷವೂ ಮಾರಾಟವಾಗುವ ವಸ್ತು ಎಂಬುದನ್ನು ನೆನಪಿಡಬೇಕು, ಏಕೆಂದರೆ ಮುಂದೆ ಹೇಳಲಿರುವ 2019ರ ತೀರ್ಮಾನದ ತೂಕ ತಿಳಿಯುವುದು ಇದರಿಂದಲೇ.

ಇನ್ನು ಗಲ್ಲಾದ ಈಚೆ ಕಡೆಯ ಲೆಕ್ಕ. ಕೋವಿಯ ಕಪಾಟಿಗೆ ಬೀಗ ಬೇಕು, ತರಬೇತಿ ಪಡೆದ ಸಿಬ್ಬಂದಿ ಬೇಕು, ಗಿರಾಕಿಯಿಂದ ಕೇಂದ್ರ ಸರ್ಕಾರದ ಹಲವು ಪುಟಗಳ ಫಾರಂ ತುಂಬಿಸಬೇಕು, 1998ರ ನವೆಂಬರ್‌ನಿಂದ ನಡೆಯುತ್ತಿರುವ, ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐನ ಹಿನ್ನೆಲೆ ತಪಾಸಣೆಗೆ ಹೆಸರು ಕಳುಹಿಸಿ ಉತ್ತರಕ್ಕೆ ಕಾಯಬೇಕು, ಆ ಕಾಗದಪತ್ರಗಳನ್ನು ದಶಕಗಳ ಕಾಲ ಕಾಪಾಡಬೇಕು. ಇಷ್ಟೆಲ್ಲ ಮಾಡಿ ಮಾರುವ ಕೋವಿಯ ಮೇಲಿನ ಲಾಭವೇನೂ ದೊಡ್ಡದಲ್ಲ. ಜೊತೆಗೆ ಬೇಟೆಗಾರರೇ ಕಡಿಮೆಯಾಗುತ್ತಿದ್ದರು: ಅಮೆರಿಕದ ಮೀನು ಮತ್ತು ವನ್ಯಜೀವಿ ಇಲಾಖೆಯ ಸಮೀಕ್ಷೆಯಂತೆ 2011ರಲ್ಲಿ ಸುಮಾರು 1 ಕೋಟಿ 37 ಲಕ್ಷ ಇದ್ದ ಬೇಟೆಗಾರರ ಸಂಖ್ಯೆ 2016ರ ಹೊತ್ತಿಗೆ 1 ಕೋಟಿ 15 ಲಕ್ಷಕ್ಕೆ ಇಳಿದಿತ್ತು. ಕೋವಿ ಕೊಳ್ಳುವವರು ಬೇರೆ ಬಗೆಯವರಾಗತೊಡಗಿದ್ದರು. ಬೇಟೆಗಾಗಿ ಕೊಳ್ಳುತ್ತಿದ್ದ ಜಾಗದಲ್ಲಿ ಆತ್ಮರಕ್ಷಣೆಗೆಂದು ಪಿಸ್ತೂಲನ್ನೂ, ಗುರಿ ಹೊಡೆಯುವ ಹವ್ಯಾಸಕ್ಕೆಂದು ಎಆರ್-15 ಎಂಬ ಸೇನಾ ಮಾದರಿಯ ರೈಫಲನ್ನೂ ಕೇಳುವವರು ಹೆಚ್ಚಿದ್ದರು. ಕುಟುಂಬ ಸಮೇತ ಬಂದು ದಿನಸಿ ಕೊಳ್ಳುವ ಅಂಗಡಿಗೆ ಈ ಎರಡನೆಯ ಬಗೆಯ ವ್ಯಾಪಾರ ಹೊಂದುವುದಿಲ್ಲ.

ಆದ್ದರಿಂದಲೇ ವಾಲ್‌ಮಾರ್ಟ್‌ನ ಹಿಂದೆಗೆತ ಒಂದೇ ದಿನದ ಕಥೆಯಲ್ಲ. ಸ್ಯಾಮ್ ವಾಲ್ಟನ್ ತೀರಿಕೊಂಡ ಮರುವರ್ಷ, 1993ರಲ್ಲಿ, ಅದು ಅಲಾಸ್ಕಾ ಒಂದನ್ನು ಬಿಟ್ಟು ಉಳಿದೆಡೆ ಪಿಸ್ತೂಲು ಮಾರುವುದನ್ನು ಕೈಬಿಡುವುದಾಗಿ ಹೇಳಿತು. 2006ರಲ್ಲಿ ಗಿರಾಕಿಗಳು ಕಡಿಮೆಯೆಂಬ ಕಾರಣಕ್ಕೆ ಸುಮಾರು ಮೂರನೇ ಒಂದು ಪಾಲು ಮಳಿಗೆಗಳಿಂದ ಕೋವಿಯನ್ನು ತೆಗೆಯಿತು. 2011ರಲ್ಲಿ ಒಟ್ಟು ಮಾರಾಟ ಕುಸಿಯುತ್ತಿದ್ದಾಗ ಅದೇ ಕೋವಿಯನ್ನು ನೂರಾರು ಮಳಿಗೆಗಳಿಗೆ ಮರಳಿ ತಂದಿತು. 2015ರಲ್ಲಿ ಎಆರ್-15 ಮಾದರಿಯ ರೈಫಲ್‌ಗಳನ್ನು ನಿಲ್ಲಿಸಿದಾಗಲೂ ಅದು ಕೊಟ್ಟ ಕಾರಣ ಬೇಡಿಕೆಯ ಕೊರತೆಯೇ. ತೆಗೆದದ್ದು, ಮರಳಿ ತಂದದ್ದು, ಮತ್ತೆ ತೆಗೆದದ್ದು ಇವನ್ನು ಒಟ್ಟಿಗಿಟ್ಟು ನೋಡಿದರೆ, ಮನಸ್ಸಾಕ್ಷಿಯ ಹೆಜ್ಜೆ ಹೀಗೆ ಹಿಂದುಮುಂದಾಗುವುದಿಲ್ಲ ಎಂದು ನನಗೆ ಅನ್ನಿಸುತ್ತದೆ.

ಅಂಗಡಿಯವರ ತಲೆಯಲ್ಲಿ ನ್ಯಾಯಾಲಯದ ಭಯವೂ ಇತ್ತು. ಕುಡಿದು ಅಮಲೇರಿದ್ದ ಗಿರಾಕಿಗೆ ಫ್ಲಾರಿಡಾದಲ್ಲಿ ಕೆ-ಮಾರ್ಟ್ ಎಂಬ ಸರಣಿಯ ಮಳಿಗೆಯೊಂದರಲ್ಲಿ ರೈಫಲ್ ಮಾರಿದ್ದರು. ಆತ ಅದರಿಂದ ತಾನು ಹಿಂದೆ ಜೊತೆಗಿದ್ದ ಮಹಿಳೆಗೆ ಗುಂಡು ಹೊಡೆದು, ಆಕೆಯ ಕೈಕಾಲುಗಳ ಸ್ವಾಧೀನವೇ ತಪ್ಪಿತು. ಕುಡಿದವನಿಗೆ ಕೋವಿ ಮಾರಿದ ಅಂಗಡಿಯೂ ಹೊಣೆಯಾಗುತ್ತದೆ ಎಂದು ಆ ರಾಜ್ಯದ ಸುಪ್ರೀಂ ಕೋರ್ಟ್ 1997ರಲ್ಲಿ ಹೇಳಿತು. ಅದೇ ಕೆ-ಮಾರ್ಟ್, 1999ರ ಕೊಲಂಬೈನ್ ಶಾಲೆಯ ಹತ್ಯಾಕಾಂಡದಲ್ಲಿ ಬದುಕುಳಿದ ಹುಡುಗರು ತಮ್ಮ ಮೈಯೊಳಗೆ ಉಳಿದಿದ್ದ ಗುಂಡುಗಳೊಂದಿಗೆ ಅದರ ಕೇಂದ್ರ ಕಚೇರಿಗೇ ಹೋಗಿ ಕೇಳಿದ ಮೇಲೆ, 2001ರಲ್ಲಿ ಪಿಸ್ತೂಲಿನ ಗುಂಡುಗಳ ಮಾರಾಟವನ್ನು ನಿಲ್ಲಿಸಿತು. ಮುಂದೆ 2005ರಲ್ಲಿ ಅಮೆರಿಕದ ಸಂಸತ್ತು ಕೋವಿ ತಯಾರಕರಿಗೂ ಮಾರಾಟಗಾರರಿಗೂ ಮೊಕದ್ದಮೆಗಳಿಂದ ದೊಡ್ಡ ರಕ್ಷಣೆಯನ್ನೇ ಕೊಟ್ಟಿತು. 2017ರಲ್ಲಿ ಟೆಕ್ಸಸ್‌ನ ಸದರ್‌ಲೆಂಡ್ ಸ್ಪ್ರಿಂಗ್ಸ್ ಎಂಬ ಊರಿನ ಚರ್ಚಿನಲ್ಲಿ ನಡೆದ ಹತ್ಯಾಕಾಂಡದ ಸಂತ್ರಸ್ತರು, ಆ ರೈಫಲ್ ಮಾರಿದ ಅಕಾಡೆಮಿ ಎಂಬ ಸರಣಿ ಮಳಿಗೆಯ ಮೇಲೆ ಹೂಡಿದ ದಾವೆ ಇದೇ ಕಾಯ್ದೆಯ ಕಾರಣದಿಂದ 2021ರಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಹಿಂದೆ ವಾಯುಪಡೆಯಲ್ಲಿದ್ದ ಕೊಲೆಗಾರನಿಗೆ ಅಲ್ಲಿ ಆಗಿದ್ದ ಶಿಕ್ಷೆಯ ವಿವರವನ್ನು ವಾಯುಪಡೆ ತಪಾಸಣೆಯ ದಾಖಲೆಗೆ ಸೇರಿಸಿಯೇ ಇರಲಿಲ್ಲವಾದ್ದರಿಂದ, ಅಂಗಡಿ ಕೇಳಿದಾಗ ಬಂದ ಉತ್ತರ ‘ಮಾರಬಹುದು’ ಎಂದೇ ಇತ್ತು. ಹೀಗೆ ಕಾನೂನಿನ ಭಯ ತಗ್ಗಿದರೂ, ಪತ್ರಿಕೆಗಳಲ್ಲಿ ಅಂಗಡಿಯ ಹೆಸರು ಹೆಣಗಳ ಸುದ್ದಿಯ ಜೊತೆಗೆ ಬರುವ ಭಯ ತಗ್ಗಲಿಲ್ಲ.

ಈಗ ಆ ಅಪವಾದಕ್ಕೆ ಬರುತ್ತೇನೆ. ಡಿಕ್ಸ್ ಸ್ಪೋರ್ಟಿಂಗ್ ಗೂಡ್ಸ್ ಎಂಬುದು 1948ರಲ್ಲಿ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್‌ಟನ್ ಊರಿನಲ್ಲಿ ಗಾಳ ಮತ್ತು ಮೀನಿನ ಎರೆ ಮಾರುವ ಪುಟ್ಟ ಅಂಗಡಿಯಾಗಿ ಆರಂಭವಾದದ್ದು; ಮೊಮ್ಮಗನಿಗೆ ಅಜ್ಜಿ ಡಬ್ಬಿಯಿಂದ ತೆಗೆದುಕೊಟ್ಟ 300 ಡಾಲರ್ ಅದರ ಬಂಡವಾಳವಾಗಿತ್ತು. 2012ರ ಡಿಸೆಂಬರಿನಲ್ಲಿ ಕನೆಕ್ಟಿಕಟ್‌ನ ನ್ಯೂಟೌನ್‌ನಲ್ಲಿರುವ ಸ್ಯಾಂಡಿಹುಕ್ ಶಾಲೆಯಲ್ಲಿ 20 ಮಕ್ಕಳೂ 6 ಮಂದಿ ಹಿರಿಯರೂ ಹತರಾದಾಗ, ಸ್ಥಾಪಕರ ಮಗ ಎಡ್ ಸ್ಟ್ಯಾಕ್ ನಡೆಸುತ್ತಿದ್ದ ಆ ಕಂಪನಿ ತನ್ನ ಮಳಿಗೆಗಳಿಂದ ಸೇನಾ ಮಾದರಿಯ ರೈಫಲ್‌ಗಳನ್ನು ತೆಗೆಯಿತು. ಆದರೆ ಮರುವರ್ಷವೇ ‘ಫೀಲ್ಡ್ ಆ್ಯಂಡ್ ಸ್ಟ್ರೀಮ್’ ಎಂಬ ಹೆಸರಿನಲ್ಲಿ ಬೇಟೆಗೆಂದೇ ಪ್ರತ್ಯೇಕ ಮಳಿಗೆಗಳನ್ನು ತೆರೆದು, ಅಲ್ಲಿ ಅವೇ ರೈಫಲ್‌ಗಳನ್ನು ಮಾರತೊಡಗಿತು. ಮುಂಬಾಗಿಲಿನಲ್ಲಿ ಬೇಡವೆಂದದ್ದನ್ನು ಹಿತ್ತಿಲಿನಲ್ಲಿ ಮಾರಿದಂತಾಯಿತು ಎಂದು ಯಾರಾದರೂ ಆಡಿಕೊಂಡಿದ್ದರೆ ತಪ್ಪೇನಿರಲಿಲ್ಲ.

2018ರ ಫೆಬ್ರವರಿ 14ರಂದು ಫ್ಲಾರಿಡಾದ ಪಾರ್ಕ್‌ಲೆಂಡ್‌ನ ಪ್ರೌಢಶಾಲೆಯಲ್ಲಿ 17 ಮಂದಿ ಹತರಾದರು. ಕೊಂದ ಹುಡುಗನ ಹೆಸರು ಹೊರಬಿದ್ದಾಗ ಡಿಕ್ಸ್ ತನ್ನ ದಾಖಲೆಗಳನ್ನು ಹುಡುಕಿತು. ಮೂರು ತಿಂಗಳ ಹಿಂದೆ ಅವನು ಅದರ ಮಳಿಗೆಯಲ್ಲೇ ಶಾಟ್‌ಗನ್ ಒಂದನ್ನು ಕೊಂಡಿದ್ದನೆಂದು ತಿಳಿಯಿತು. ಶಾಲೆಯಲ್ಲಿ ಬಳಸಿದ್ದು ಆ ಕೋವಿಯನ್ನಲ್ಲ, ಮಾರಾಟವೂ ಕಾನೂನಿನ ಪ್ರಕಾರವೇ ನಡೆದಿತ್ತು. ಎಲ್ಲವನ್ನೂ ನಿಯಮದಂತೆ ಮಾಡಿಯೂ ಅಂಥವನ ಕೈಗೆ ತಾವೇ ಕೋವಿ ಕೊಟ್ಟೆವೆಂಬ ಸಂಗತಿ ಸ್ವತಃ ಕೋವಿ ಇಟ್ಟುಕೊಂಡಿದ್ದ ಸ್ಟ್ಯಾಕ್ ಅವರನ್ನು ಕಲಕಿತು. ಫೆಬ್ರವರಿ 28ರಂದು ಅವರು ಟಿ.ವಿ.ಯಲ್ಲಿ ಕಾಣಿಸಿಕೊಂಡು, ಫೀಲ್ಡ್ ಆ್ಯಂಡ್ ಸ್ಟ್ರೀಮ್ ಮಳಿಗೆಗಳಿಂದಲೂ ಆ ರೈಫಲ್‌ಗಳನ್ನು ತೆಗೆಯುವುದಾಗಿಯೂ, ಹೆಚ್ಚು ಗುಂಡು ಹಿಡಿಯುವ ಮ್ಯಾಗಜೀನ್‌ಗಳನ್ನು (ಕೋವಿಗೆ ಸಿಕ್ಕಿಸುವ ಗುಂಡಿನ ಡಬ್ಬಿಗಳನ್ನು) ಮಾರುವುದಿಲ್ಲವೆಂದೂ, 21 ತುಂಬದವರಿಗೆ ಯಾವ ಕೋವಿಯನ್ನೂ ಕೊಡುವುದಿಲ್ಲವೆಂದೂ ಹೇಳಿದರು. ಅದೇ ದಿನ ಸಂಜೆ ವಾಲ್‌ಮಾರ್ಟ್ ಕೋವಿ ಮತ್ತು ತೋಟಾ ಎರಡಕ್ಕೂ ವಯಸ್ಸಿನ ಮಿತಿಯನ್ನು 21ಕ್ಕೆ ಏರಿಸಿತು. ಸೇನಾ ರೈಫಲನ್ನು ಹೋಲುವ ಆಟಿಕೆಗಳನ್ನೂ ತನ್ನ ವೆಬ್‌ಸೈಟಿನಿಂದ ತೆಗೆಯುವುದಾಗಿ ತಿಳಿಸಿತು.

ಡಿಕ್ಸ್‌ನದು ಬರೀ ಲೆಕ್ಕಾಚಾರವಲ್ಲ ಎಂದು ನಾನು ಹೇಳುವುದಕ್ಕೆ ಕಾರಣ ಮುಂದೆ ನಡೆದದ್ದು. ದಾಸ್ತಾನಿನಲ್ಲಿ ಉಳಿದಿದ್ದ ರೈಫಲ್‌ಗಳನ್ನು ತಯಾರಕರಿಗೆ ಹಿಂತಿರುಗಿಸಿದ್ದರೆ ಹಣ ವಾಪಸಾಗುತ್ತಿತ್ತು, ಆದರೆ ಅವು ಮತ್ತೊಂದು ಅಂಗಡಿಯನ್ನು ಸೇರುತ್ತಿದ್ದವು. ಸ್ಟ್ಯಾಕ್ ಸುಮಾರು 50 ಲಕ್ಷ ಡಾಲರ್ ಬೆಲೆಯ ರೈಫಲ್‌ಗಳನ್ನು ಕತ್ತರಿಸಿ ಗುಜರಿ ಕಬ್ಬಿಣ ಮಾಡಿಸಿದರು. ಹತ್ತಾರು ನೌಕರರು ಕೆಲಸ ಬಿಟ್ಟರು. ಸ್ಪ್ರಿಂಗ್‌ಫೀಲ್ಡ್ ಆರ್ಮರಿ, ಮಾಸ್‌ಬರ್ಗ್‌ನಂಥ ಕೋವಿ ತಯಾರಕರು ವ್ಯವಹಾರ ಕಡಿದುಕೊಂಡರು. ಕೋವಿ ಉದ್ಯಮದ ಸಂಘ ಡಿಕ್ಸ್‌ನ ಸದಸ್ಯತ್ವವನ್ನು ರದ್ದುಗೊಳಿಸಿತು. ಆ ಸಂಘದ ಕಚೇರಿ ಆಗ ಇದ್ದದ್ದು, ವಿಧಿಯ ಅಣಕವೋ ಏನೋ, ಇಪ್ಪತ್ತು ಎಳೆಯ ಮಕ್ಕಳು ಸತ್ತ ಅದೇ ನ್ಯೂಟೌನ್‌ನಲ್ಲಿ. ಒಟ್ಟು ಸುಮಾರು 25 ಕೋಟಿ ಡಾಲರ್ ವ್ಯಾಪಾರ ಕೈತಪ್ಪಿತೆಂದು ಸ್ಟ್ಯಾಕ್ ಅಂದಾಜು ಮಾಡಿದರು. ಇಷ್ಟು ನಷ್ಟವನ್ನು ಮೊದಲೇ ಕಂಡು ಮುಂದಡಿಯಿಟ್ಟವರನ್ನು ಲೆಕ್ಕಾಚಾರದವರೆಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ.

ಆದರೂ ಲೆಕ್ಕ ಹಿಂದಿನ ಬಾಗಿಲಿನಿಂದ ಒಳಗೆ ಬಂದೇ ಬಂದಿತು. ಬೇಟೆಯ ವಿಭಾಗ ಸೊರಗಿದ್ದ 10 ಮಳಿಗೆಗಳಲ್ಲಿ ಆ ಜಾಗಕ್ಕೆ ಬೇರೆ ಕ್ರೀಡಾ ಸಾಮಗ್ರಿಗಳನ್ನು ಇಟ್ಟು ಪರೀಕ್ಷಿಸಿದಾಗ ಮಾರಾಟ ಏರಿತು. ಹಾಗಾಗಿ 2019ರಲ್ಲಿ 125 ಮಳಿಗೆಗಳಿಂದ, 2020ರಲ್ಲಿ ಇನ್ನೂ ಸುಮಾರು 440 ಮಳಿಗೆಗಳಿಂದ ಬೇಟೆಯ ವಿಭಾಗವನ್ನೇ ತೆಗೆಯಲು ಕಂಪನಿ ತೀರ್ಮಾನಿಸಿತು. ನೋವಿನಿಂದ ಶುರುವಾದ ಕೆಲಸ ಲಾಭದ ಕೆಲಸವೂ ಆಗಿ ಪರಿಣಮಿಸಿತು. ಅದರ ಜೊತೆಗೆ ಇನ್ನೊಂದನ್ನೂ ಗಮನಿಸಬೇಕು: ಫೀಲ್ಡ್ ಆ್ಯಂಡ್ ಸ್ಟ್ರೀಮ್ ಮಳಿಗೆಗಳಲ್ಲಿ 8ನ್ನು 2019ರಲ್ಲಿ ಕೊಂಡುಕೊಂಡದ್ದು ಸ್ಪೋರ್ಟ್ಸ್‌ಮನ್ಸ್ ವೇರ್‌ಹೌಸ್ ಎಂಬ, ಕೋವಿ ಮಾರಾಟವನ್ನೇ ನೆಚ್ಚಿಕೊಂಡ ಮತ್ತೊಂದು ಸರಣಿ. ಒಬ್ಬರು ಬಿಟ್ಟ ಗಿರಾಕಿಯನ್ನು ಇನ್ನೊಬ್ಬರು ಕೈಹಿಡಿದು ಕರೆದುಕೊಂಡರು.

2019ರ ಬೇಸಿಗೆಯಲ್ಲಿ ನಡೆದದ್ದು ವಾಲ್‌ಮಾರ್ಟ್‌ನ ಮನೆಯೊಳಗಿನ ಸಾವು. ಜುಲೈ 30ರಂದು ಮಿಸಿಸಿಪ್ಪಿಯ ಸೌತ್‌ಹೇವನ್ ಮಳಿಗೆಯಲ್ಲಿ ಅಮಾನತಾಗಿದ್ದ ನೌಕರನೊಬ್ಬ ಇಬ್ಬರು ಸಹೋದ್ಯೋಗಿಗಳನ್ನು ಕೊಂದ. ನಾಲ್ಕು ದಿನ ಕಳೆದು, ಆಗಸ್ಟ್ 3ರ ಶನಿವಾರ, ಶಾಲೆ ಶುರುವಾಗುವ ಮುಂಚಿನ ಖರೀದಿಗೆಂದು ಜನ ಕಿಕ್ಕಿರಿದಿದ್ದ ಟೆಕ್ಸಸ್‌ನ ಎಲ್ ಪಾಸೋ ಮಳಿಗೆಗೆ, ಲ್ಯಾಟಿನೋ ಜನರನ್ನೇ ಗುರಿಯಾಗಿಟ್ಟುಕೊಂಡು ಡಲ್ಲಾಸ್ ಕಡೆಯಿಂದ ಕಾರಿನಲ್ಲಿ ಬಂದ ಯುವಕ ಗುಂಡು ಹಾರಿಸಿದ. ತಿಂಗಳುಗಳ ನಂತರ ಆಸ್ಪತ್ರೆಯಲ್ಲಿ ತೀರಿಕೊಂಡವರೊಬ್ಬರನ್ನು ಸೇರಿಸಿ 23 ಮಂದಿ ಸತ್ತರು. ಅವನ ರೈಫಲ್ ವಾಲ್‌ಮಾರ್ಟ್‌ನಲ್ಲಿ ಕೊಂಡದ್ದಾಗಿರಲಿಲ್ಲ; ಆ ಬಗೆಯ ರೈಫಲ್‌ಗಳನ್ನು ಕಂಪನಿ ನಾಲ್ಕು ವರ್ಷ ಮೊದಲೇ ಬಿಟ್ಟಿತ್ತು. ಅದಾದ ಐದು ದಿನಕ್ಕೆ ಮಿಸೂರಿಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಇನ್ನೊಬ್ಬ ಯುವಕ, ಕೋವಿ ಹಿಡಿದು ಓಡಾಡುವ ತನ್ನ ಹಕ್ಕನ್ನು ಪರೀಕ್ಷಿಸುತ್ತೇನೆಂದು ಗುಂಡುನಿರೋಧಕ ಕವಚ ತೊಟ್ಟು, ರೈಫಲ್ ಹೊತ್ತು ವಾಲ್‌ಮಾರ್ಟ್ ಮಳಿಗೆಯೊಳಗೆ ನಡೆದಾಗ, ಜನ ಪ್ರಾಣಭಯದಿಂದ ಚದುರಿ ಓಡಿದರು. ಗುಂಡು ಹಾರಿರಲಿಲ್ಲ. ಆದರೆ ಗಲ್ಲಾದಲ್ಲಿ ಕುಳಿತ ನೌಕರಳಿಗೆ, ಬಾಗಿಲಲ್ಲಿ ಕಂಡ ಕೋವಿಯವನು ಗಿರಾಕಿಯೋ ಕೊಲೆಗಾರನೋ ಎಂದು ತಿಳಿಯುವ ದಾರಿ ಇಲ್ಲವೆಂಬುದು ಆ ದಿನ ಎಲ್ಲರಿಗೂ ಮನವರಿಕೆಯಾಯಿತು.

ಸೆಪ್ಟೆಂಬರ್ 3ರಂದು ಮುಖ್ಯ ಕಾರ್ಯನಿರ್ವಾಹಕ ಡಗ್ ಮೆಕ್‌ಮಿಲನ್ ನೌಕರರಿಗೆ ಬರೆದ ಪತ್ರದಲ್ಲಿ ಮೂರು ತೀರ್ಮಾನಗಳಿದ್ದವು. ಸೇನಾ ಮಾದರಿಯ ರೈಫಲ್‌ಗಳಿಗೂ ಹೊಂದುವ ಪಾಯಿಂಟ್ 223 ಮತ್ತು 5.56 ಅಳತೆಯ ಗುಂಡುಗಳನ್ನೂ, ಪಿಸ್ತೂಲಿನ ಎಲ್ಲ ಗುಂಡುಗಳನ್ನೂ, ಇದ್ದ ದಾಸ್ತಾನು ಮುಗಿದ ಮೇಲೆ ಮಾರುವುದಿಲ್ಲ. ಅಲಾಸ್ಕಾದಲ್ಲೂ ಪಿಸ್ತೂಲು ಇನ್ನಿಲ್ಲ. ರಾಜ್ಯದ ಕಾನೂನು ಅನುಮತಿಸಿದ್ದರೂ ಗಿರಾಕಿಗಳು ಎದ್ದು ಕಾಣುವಂತೆ ಕೋವಿ ಹೊತ್ತು ಮಳಿಗೆಗೆ ಬರಬಾರದೆಂದು ವಿನಂತಿ. ಮೊದಲನೆಯದೇ ಭಾರವಾದ ತೀರ್ಮಾನ. ದೇಶದ ಕೋವಿ ಮಾರುಕಟ್ಟೆಯಲ್ಲಿ ವಾಲ್‌ಮಾರ್ಟ್‌ನ ಪಾಲು ಸುಮಾರು ಶೇ 2 ಮಾತ್ರ, ಆದರೆ ಗುಂಡುಗಳ ಮಾರುಕಟ್ಟೆಯಲ್ಲಿ ಅದು ಶೇ 20ರಷ್ಟಿತ್ತು; ಈ ತೀರ್ಮಾನದಿಂದ ಅದು ಶೇ 6ರಿಂದ 9ಕ್ಕೆ ಇಳಿಯುವುದೆಂದು ಕಂಪನಿಯೇ ಅಂದಾಜು ಹೇಳಿತು. ಮೊದಲು ಹೇಳಿದೆನಲ್ಲ, ಕೋವಿ ಒಮ್ಮೆಯ ವ್ಯಾಪಾರ, ಗುಂಡು ನಿತ್ಯದ ವ್ಯಾಪಾರ ಎಂದು. ಇಲ್ಲಿ ಅದು ಬಿಟ್ಟದ್ದು ನಿತ್ಯದ್ದನ್ನು. ವಿನಂತಿಯ ವಿಷಯದಲ್ಲಿ ಕ್ರೋಗರ್, ವಾಲ್‌ಗ್ರೀನ್ಸ್, ಸಿವಿಎಸ್, ಆಲ್ಬರ್ಟ್‌ಸನ್ಸ್ ಮುಂತಾದ ದಿನಸಿ ಮತ್ತು ಔಷಧ ಸರಣಿಗಳೂ ಕೆಲವೇ ದಿನಗಳಲ್ಲಿ ಜೊತೆಗೂಡಿದವು. ಅದನ್ನು ನಿಷೇಧವೆನ್ನದೆ ವಿನಂತಿಯೆಂದು ಕರೆದದ್ದರಲ್ಲಿ ಜಾಣತನವಿದೆ: ಕೋವಿ ಹೊತ್ತವನನ್ನು ತಡೆದು ನಿಲ್ಲಿಸುವ ಕೆಲಸವನ್ನು ಬಡ ನೌಕರನ ಹೆಗಲಿಗೆ ಹಾಕಲು ಯಾವ ಕಂಪನಿಯೂ ಸಿದ್ಧವಿರಲಿಲ್ಲ.

ಉಳಿದವರ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಕ್ರೋಗರ್ ಒಡೆತನದ, ವಾಯವ್ಯ ರಾಜ್ಯಗಳ ಫ್ರೆಡ್ ಮೇಯರ್ ಮಳಿಗೆಗಳು ಮೊದಲು ವಯಸ್ಸಿನ ಮಿತಿ ಏರಿಸಿ, 2019ರಲ್ಲಿ ಕೋವಿ ವ್ಯಾಪಾರವನ್ನೇ ಕೈಬಿಟ್ಟವು. ಬಾಸ್ ಪ್ರೊ, ಕ್ಯಾಬೆಲಾಸ್, ಅಕಾಡೆಮಿ ಮೊದಲಾದ ಬೇಟೆ ಮತ್ತು ಹೊರಾಂಗಣ ಸಾಮಗ್ರಿಗಳ ಸರಣಿಗಳು ಕೋವಿ ಮಾರಾಟವನ್ನು ಮುಂದುವರಿಸಿದವು, ಏಕೆಂದರೆ ಅವರ ಗಿರಾಕಿಯೇ ಕೋವಿಯವನು.

ಪ್ರಯೋಜನವಾಯಿತೇ ಎಂಬ ನಿಮ್ಮ ಪ್ರಶ್ನೆಯನ್ನು ಎರಡಾಗಿ ಒಡೆದು ನೋಡಬೇಕು. ಒಟ್ಟು ಕೋವಿಗಳ ಮಾರಾಟ ತಗ್ಗಿತೇ ಎಂದರೆ, ಇಲ್ಲ. ಆ ದೇಶದಲ್ಲಿ ಪರವಾನಗಿ ಪಡೆದ ಮಾರಾಟಗಾರರು 50 ಸಾವಿರಕ್ಕೂ ಹೆಚ್ಚಿದ್ದಾರೆ. ಸರಣಿ ಮಳಿಗೆ ಬಾಗಿಲು ಹಾಕಿದರೆ ಮುಂದಿನ ರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲೋ ಗಿರವಿ ಅಂಗಡಿಯಲ್ಲೋ ಕೋವಿ ಸಿಗುತ್ತದೆ. ಎಫ್‌ಬಿಐ ವ್ಯವಸ್ಥೆಯಲ್ಲಿ 2019ರಲ್ಲಿ ಸುಮಾರು 2 ಕೋಟಿ 83 ಲಕ್ಷ ತಪಾಸಣೆಗಳು ನಡೆದಿದ್ದರೆ, ಕೊರೊನಾ ಮತ್ತು ಬೀದಿ ಗಲಭೆಗಳ 2020ರಲ್ಲಿ ಅದು 3 ಕೋಟಿ 96 ಲಕ್ಷಕ್ಕೆ ಏರಿತು. ತಪಾಸಣೆಯ ಸಂಖ್ಯೆಯೆಲ್ಲ ಮಾರಾಟದ ಸಂಖ್ಯೆಯಲ್ಲ, ಆದರೂ ಏರಿಕೆಯ ದಿಕ್ಕಿನಲ್ಲಿ ಅನುಮಾನವಿಲ್ಲ. ಕೋವಿಯಿಂದ ಸತ್ತವರ ಸಂಖ್ಯೆ 2019ರಲ್ಲಿ 39,707 ಇದ್ದದ್ದು 2021ರಲ್ಲಿ 48,830 ಆಯಿತು; ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಇಷ್ಟು ದೊಡ್ಡ ಪ್ರವಾಹಕ್ಕೆ ಕೆಲವು ಅಂಗಡಿಗಳ ಕಪಾಟು ಅಡ್ಡಗಟ್ಟೆಯಾಗಲಾರದು.

ಆದರೆ ಕಾನೂನು ಸಡಿಲವಿರುವ ಕೆಲವು ಸಣ್ಣ ಜಾಗಗಳಲ್ಲಿ ಅಂಗಡಿಯ ನಿಯಮ ಕೆಲಸ ಮಾಡಿದೆ ಎಂಬುದು ನನ್ನ ಅಭಿಪ್ರಾಯ. ಒಂದು ಉದಾಹರಣೆ ಕೊಡುತ್ತೇನೆ. ಹಿನ್ನೆಲೆ ತಪಾಸಣೆಗೆ ಹೆಸರು ಕಳುಹಿಸಿದ ಮೇಲೆ ಮೂರು ಕೆಲಸದ ದಿನಗಳೊಳಗೆ ಎಫ್‌ಬಿಐ ಹೌದೆಂದೋ ಇಲ್ಲವೆಂದೋ ಹೇಳದಿದ್ದರೆ, ಕೇಂದ್ರ ಕಾನೂನಿನ ಪ್ರಕಾರ ಅಂಗಡಿಯವನು ಕೋವಿಯನ್ನು ಕೊಟ್ಟುಬಿಡಬಹುದು. 2015ರಲ್ಲಿ ಚಾರ್ಲ್ಸ್‌ಟನ್‌ನ ಚರ್ಚಿನಲ್ಲಿ ಪ್ರಾರ್ಥನೆಗೆ ಸೇರಿದ್ದ 9 ಮಂದಿ ಕರಿಯರನ್ನು ಕೊಂದವನಿಗೆ ಪಿಸ್ತೂಲು ಸಿಕ್ಕದ್ದು ಈ ಮೂರು ದಿನದ ಸಂದಿಯಲ್ಲೇ. ವಾಲ್‌ಮಾರ್ಟ್ ಮಾತ್ರ 2002ರಿಂದಲೇ, ಸ್ಪಷ್ಟವಾದ ಒಪ್ಪಿಗೆ ಬರುವವರೆಗೆ, ಎಷ್ಟು ದಿನವಾದರೂ, ಕೋವಿ ಕೊಡುವುದಿಲ್ಲವೆಂಬ ನಿಯಮ ಇಟ್ಟುಕೊಂಡಿತ್ತು. ಗಲ್ಲಾದ ಮೇಲೆ ದಿನವೂ ಜಾರಿಯಲ್ಲಿದ್ದ ಈ ಒಂದು ನಿಯಮವನ್ನು ನಾನು 2019ರ ಪತ್ರದಷ್ಟೇ ದೊಡ್ಡದೆಂದು ಎಣಿಸುತ್ತೇನೆ. ವಯಸ್ಸಿನ ವಿಷಯದಲ್ಲೂ ಅಂಗಡಿಗಳು ಒಂದು ಹೆಜ್ಜೆ ಮುಂದಿದ್ದವು: ಅವು 21ರ ಮಿತಿ ಹಾಕಿದ ಹತ್ತೇ ದಿನದಲ್ಲಿ ಫ್ಲಾರಿಡಾ ರಾಜ್ಯ ಅದನ್ನೇ ಶಾಸನ ಮಾಡಿತು, ಮತ್ತು 2022ರಲ್ಲಿ ಕೇಂದ್ರದ ಕಾಯ್ದೆ 21ರೊಳಗಿನವರಿಗೆ ಹೆಚ್ಚಿನ ತಪಾಸಣೆಯನ್ನು ತಂದಿತು. ಅಂಗಡಿಗಳಿಂದಲೇ ಈ ಕಾನೂನುಗಳು ಬಂದವೆಂದು ನಾನು ಹೇಳುವುದಿಲ್ಲ. ಬೇಟೆಗಾರರ ಅಂಗಡಿಯೇ ಇದನ್ನು ಒಪ್ಪಿಕೊಂಡಿದೆ ಎಂದು ಶಾಸಕರು ತೋರಿಸಲು ಒಂದು ಆಸರೆಯಂತೂ ಸಿಕ್ಕಿತು.

ದೊಡ್ಡ ಅಂಗಡಿಯ ನೈತಿಕ ಬೆನ್ನೆಲುಬನ್ನು ಅತಿಯಾಗಿ ನಂಬಬಾರದೆಂಬುದಕ್ಕೂ ಒಂದು ನಿದರ್ಶನವಿದೆ. 2020ರ ಅಕ್ಟೋಬರ್ ಕೊನೆಯಲ್ಲಿ ಫಿಲಡೆಲ್ಫಿಯಾದಲ್ಲಿ ಗಲಭೆಗಳಾದಾಗ, ಲೂಟಿಕೋರರ ಕೈಗೆ ಸಿಗಬಾರದೆಂದು ವಾಲ್‌ಮಾರ್ಟ್ ದೇಶದಾದ್ಯಂತ ಕೋವಿ ಮತ್ತು ತೋಟಾಗಳನ್ನು ಪ್ರದರ್ಶನದ ಕಪಾಟಿನಿಂದ ಒಳಕೋಣೆಗೆ ಸಾಗಿಸಿತು, ಮರುದಿನವೇ ಅವನ್ನೆಲ್ಲ ಮರಳಿ ಕಪಾಟಿಗೆ ತಂದಿತು. ಬೆಂಗಳೂರಿನ ಫ್ಲಿಪ್‌ಕಾರ್ಟ್‌ನ ಬಹುಪಾಲು ಷೇರುಗಳನ್ನು 2018ರಲ್ಲಿ 1,600 ಕೋಟಿ ಡಾಲರ್ ಕೊಟ್ಟು ಕೊಂಡ ಕಂಪನಿ ಇದೇ ಆದ್ದರಿಂದ, ಅದು ಒತ್ತಡಕ್ಕೆ ಹೇಗೆ ಬಾಗುತ್ತದೆಂಬುದನ್ನು ತಿಳಿದಿರುವುದರಲ್ಲಿ ನಮಗೂ ಸ್ವಲ್ಪ ಹಿತವಿದೆ.

ಕೊಡಗಿನವರಾದ ನಿಮಗೆ ಇನ್ನೊಂದು ವ್ಯತ್ಯಾಸ ಥಟ್ಟನೆ ಹೊಳೆದೀತು. ನಮ್ಮಲ್ಲಿ ಕೊಡವರಿಗೂ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿ ಸರ್ಕಾರ ಕೊಟ್ಟದ್ದು. 2019ರಲ್ಲಿ ಕೇಂದ್ರ ಗೃಹ ಸಚಿವಾಲಯ ಅದನ್ನು 2029ರವರೆಗೆ ವಿಸ್ತರಿಸಿದೆ. ಯಾರಿಗೆ ಕೋವಿ, ಯಾರಿಗಿಲ್ಲ ಎಂಬುದನ್ನು ಸರ್ಕಾರವೇ ಬರೆದಿಟ್ಟಿರುವಾಗ, ತೋಟಾ ಮಾರುವ ಅಂಗಡಿಯವನಿಗೆ ತನ್ನದೇ ನಿಯಮ ಮಾಡುವ ಪ್ರಸಂಗವೇ ಬರುವುದಿಲ್ಲ. ಅಮೆರಿಕದಲ್ಲಿ ಕೋವಿಯ ಹಕ್ಕು ಸಂವಿಧಾನದ್ದು, ಅದನ್ನು ತಿದ್ದಲು ಸಂಸತ್ತಿಗೆ ಒಮ್ಮತವಿಲ್ಲ. ಹಾಗಾಗಿ ಖಾಸಗಿ ಅಂಗಡಿ ತನ್ನ ನಾಲ್ಕು ಗೋಡೆಯೊಳಗೆ ಮಿತಿ ಹಾಕಿಕೊಂಡಿತು. ಆ ಮಿತಿಯನ್ನೂ ಕೆಲವರು ಪ್ರಶ್ನಿಸಿದರು: ಓರೆಗಾನ್‌ನಲ್ಲಿ ಇಪ್ಪತ್ತು ವರ್ಷದ ಯುವಕನೊಬ್ಬ ಇದು ವಯಸ್ಸಿನ ತಾರತಮ್ಯವೆಂದು 2018ರಲ್ಲೇ ಡಿಕ್ಸ್ ಮತ್ತು ವಾಲ್‌ಮಾರ್ಟ್ ಎರಡರ ಮೇಲೂ ದಾವೆ ಹೂಡಿದ.

ಕೊನೆಗೆ ನಿಮ್ಮ ಮೊಮ್ಮಗನ ವಿಷಯ. ಕೇಂದ್ರ ಕಾನೂನಿನ ಬಗ್ಗೆ ಅವನು ಹೇಳಿದ್ದು ಸರಿ: ಶಾಟ್‌ಗನ್ ಮತ್ತು ಉದ್ದ ರೈಫಲಿನ ತೋಟಾಗಳಿಗೆ 18, ಪಿಸ್ತೂಲಿನ ಗುಂಡುಗಳಿಗೆ 21. ಅಂಗಡಿಯವರು ಕೊಡದಿದ್ದದ್ದೂ ಸರಿಯೇ, ಏಕೆಂದರೆ ಕಾನೂನು ಮಾರಬಹುದೆನ್ನುತ್ತದೆಯೇ ಹೊರತು ಮಾರಲೇಬೇಕೆನ್ನುವುದಿಲ್ಲ, ಮತ್ತು ಕಂಪನಿಯ 2018ರ ನಿಯಮ 21 ಎನ್ನುತ್ತದೆ. ಊರಿನ ಬೇರೊಂದು ಸಣ್ಣ ಅಂಗಡಿಯಲ್ಲಿ ಅವನಿಗೆ ತೋಟಾ ಸಿಗುವ ಸಾಧ್ಯತೆ ಇದೆ. ಆದರೆ ಅವನು ಅಲ್ಲಿಗೆ ಹೋಗುವ ಮುನ್ನ ನೀವು ಮಗಳನ್ನು ಕೇಳಬೇಕಾದ ಪ್ರಶ್ನೆಯೊಂದಿದೆ. ನಿಮ್ಮ ಪತ್ರದಲ್ಲಿ ಮೊಮ್ಮಗನ ವಾಸ್ತವ್ಯದ ಸ್ಥಿತಿ ಏನೆಂದು ಬರೆದಿಲ್ಲ. ಅವನು ಅಲ್ಲಿಯ ಪ್ರಜೆಯೋ ಗ್ರೀನ್ ಕಾರ್ಡ್ ಹೊಂದಿದವನೋ ಆಗಿದ್ದರೆ ಈ ತೊಡಕಿಲ್ಲ. ವಿದ್ಯಾರ್ಥಿ ವೀಸಾದಲ್ಲೋ, ತಂದೆತಾಯಿಯ ಉದ್ಯೋಗ ವೀಸಾದ ಅವಲಂಬಿತನಾಗಿಯೋ ಇದ್ದರೆ, ಕೋವಿಯನ್ನಾಗಲಿ ಒಂದೇ ಒಂದು ತೋಟಾವನ್ನಾಗಲಿ ಕೈಯಲ್ಲಿಟ್ಟುಕೊಳ್ಳುವುದೇ ಕೇಂದ್ರ ಕಾನೂನಿನಲ್ಲಿ ಅಪರಾಧ. ರಾಜ್ಯ ಸರ್ಕಾರ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ಇರುವುದು ಇದಕ್ಕಿರುವ ಮುಖ್ಯ ವಿನಾಯಿತಿ. ಗೆಳೆಯನ ಕೋವಿಯನ್ನು ಒಂದು ಗಳಿಗೆ ಹಿಡಿದು ಈಡು ಹೊಡೆದರೂ ಈ ನಿಯಮ ಅನ್ವಯಿಸುತ್ತದೆ, ಮತ್ತು ಸಿಕ್ಕಿಬಿದ್ದರೆ ಜೈಲಿನ ಜೊತೆಗೆ ವೀಸಾವೂ ಹೋಗಬಹುದು. ಆದ್ದರಿಂದ ಅವನು ಅರ್ಕಾನ್ಸಾದ ಬೇಟೆ ಪರವಾನಗಿಯನ್ನು ಮೊದಲು ಪಡೆದು, ವಲಸೆ ಕಾನೂನು ಬಲ್ಲ ವಕೀಲರೊಬ್ಬರಿಗೆ ಒಮ್ಮೆ ತೋರಿಸಿ, ಆಮೇಲೆ ತೋಟಾದ ಮಾತಿಗೆ ಹೋಗಲಿ.